ಉಪಮೆ ಗೊತ್ತಿಲ್ಲದವನ ತೀರ್ಪು

ಟೀಚರೇ, ಅಂದು ನೀವು ಹೇಳಿದ ಉತ್ತರ ಸರಿಯಾಗಿತ್ತು. ತಪ್ಪು ಎಂದು ತೀರ್ಪು ಕೊಟ್ಟ ನನಗೆ ಉತ್ತರವೇ ಗೊತ್ತಿರಲಿಲ್ಲ.

ಎಂಟು ವರ್ಷವಾಯಿತು. ವರ್ಕಾಡಿಯ ಕಡೆಯ ಆ ಶಾಲೆ, ಪಿಟಿಎ ಸಭೆ — ನೀವು ಮರೆತಿರಲಾರಿರಿ.

ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವನು. ಆ ಹೆಮ್ಮೆ ಈಗಲೂ ಉಂಟು, ಬಿಡುವುದಿಲ್ಲ. ಓದಿದವರೆಂದರೆ ನನಗೆ ಮೊದಲಿನಿಂದಲೂ ತಾತ್ಸಾರ — ಇಸ್ತ್ರಿ ಮಾಡಿದ ಅಂಗಿ, ಬೆವರದ ಮೈ, ಬಾಯಿತುಂಬ ದೊಡ್ಡ ಹೆಸರುಗಳು. ಆ ಹೆಸರುಗಳನ್ನು ನಾನೂ ಹೆಕ್ಕಿಕೊಂಡಿದ್ದೆ. ಭಜನಾ ಮಂದಿರದ ತಾಳಮದ್ದಳೆಯಲ್ಲಿ ಅರ್ಥ ಹೇಳುವಾಗ, ವಾದದ ನಡುವೆ, "ನಿನ್ನ ರೂಪಕವೇ ಸರಿಯಿಲ್ಲ" ಎಂದು ಒಗೆದರೆ ಎದುರಿನವ ತಬ್ಬಿಬ್ಬಾಗುತ್ತಿದ್ದ. ರೂಪಕ ಎಂದರೇನೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ — ಆದರೆ ಊರು ನನ್ನನ್ನು ಪಂಡಿತನೆಂದು ನಂಬಿತು. ನಂಬಲಿಕ್ಕೆ ಊರಿಗೆ ಎಷ್ಟು ಬೇಕು!

ಕನ್ನಡ ಬಾರದ ಟೀಚರುಗಳನ್ನು ಕೇರಳ ಸರಕಾರ ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಗೆ ಹಾಕುತ್ತದೆಂದು ಆಗ ನಾವೆಲ್ಲ ಸಿಟ್ಟಿನಲ್ಲಿದ್ದೆವು. ಆ ಸಿಟ್ಟು ನ್ಯಾಯದ್ದೇ. ಆದರೆ ನೀವು — ಮನೆಮಾತು ಮಲಯಾಳವಾದರೂ ಕನ್ನಡವನ್ನೇ ಓದಿ ಪಾಸಾಗಿ ಬಂದವರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನಿಮ್ಮ ಮಾತಿನ ರಾಗ ಕೇಳಿ ಮುಖ ಸಿಂಡರಿಸಿದೆ. ಸಭೆಯಲ್ಲಿ ಎದ್ದು ನಿಂತೆ.

"ಉಪಮೆ ಅಂದರೆ ಎಂತ, ರೂಪಕ ಅಂದರೆ ಎಂತ — ಒಮ್ಮೆ ಹೇಳಿ ನೋಡುವ."

ನೀವು ಹೆದರಲಿಲ್ಲ. ನನ್ನ ಕೈ ನೋಡಿದಿರಿ. "ನಿಮ್ಮ ಕೈ ಕಲ್ಲಿನ ಹಾಗೆ ಗಟ್ಟಿ ಉಂಟು ಅಂತ ಹೇಳಿದರೆ ಉಪಮೆ. ನಿಮ್ಮ ಕೈಯೇ ಕಲ್ಲು ಅಂತ ಹೇಳಿದರೆ ರೂಪಕ."

ಹಿಂದಿನ ಬೆಂಚಿನಿಂದ ಯಾರೋ, "ತಲೆಯೂ ಅದೇ ಮಾರಾಯ್ರೇ!" ಎಂದರು. ಸಭೆ ನಕ್ಕಿತು. ನೀವೂ ಸ್ವಲ್ಪ ನಕ್ಕಿರಿ. ಅಷ್ಟೇ — ಅಷ್ಟಕ್ಕೇ...

"ತಪ್ಪು," ಎಂದೆ. "ಪೂರಾ ತಪ್ಪು. ಇವರು ನಮ್ಮ ಮಕ್ಕಳಿಗೆ ಎಂತ ಕಲಿಸುವುದು?"

ನಕ್ಕವರೇ ಚಪ್ಪಾಳೆ ತಟ್ಟಿದರು. ಪಾಠಪುಸ್ತಕ ಮೇಜಿನ ಮೇಲೆಯೇ ಇತ್ತು. ಒಬ್ಬನೂ ತೆರೆದು ನೋಡಲಿಲ್ಲ. ಹೆಡ್ಮಾಷ್ಟ್ರಿಗೆ ಸರಿಯುತ್ತರ ಗೊತ್ತಿತ್ತು. ಆ ಮಹಾಶಯರು ಕನ್ನಡಕ ಒರೆಸುತ್ತ ಕೂತರು. ನಿಮ್ಮದು ದಿನಸಂಬಳದ ತಾತ್ಕಾಲಿಕ ಕೆಲಸ. ಮರುವಾರಕ್ಕೆ ನೀವು ಇರಲಿಲ್ಲ.

ಅದೇ ಸಂಜೆ, ಹತ್ತನೆಯಲ್ಲಿದ್ದ ದೊಡ್ಡ ಮಗಳು ಪುಸ್ತಕ ತಂದು ನನ್ನ ಮುಂದಿಟ್ಟಳು. "ಅಪ್ಪ, ಟೀಚರ್ ಹೇಳಿದ್ದೇ ಸರಿ ಅಲ್ವಾ? ಇಲ್ಲಿ ಉಂಟಲ್ಲ."

ಓದಿದೆ. ಎರಡೇ ಸಾಲು. ಕೋರೆಯಲ್ಲಿ ದಿನಾ ಆಡುವ ಮಾತುಗಳಿಗೆ ಇಟ್ಟ ಎರಡು ಹೆಸರು, ಮತ್ತೇನಲ್ಲ. "ಪುಸ್ತಕ ಬರೆದವನಿಗೆ ಎಂತ ಗೊತ್ತು?" ಎಂದೆ. ಅವಳು ನನ್ನನ್ನು ನೋಡಿದ ನೋಟ — ಆಮೇಲೆ ಯಾವ ಪಾಠದ ಸಂಶಯವನ್ನೂ ಅವಳು ನನ್ನ ಹತ್ತಿರ ತರಲಿಲ್ಲ.

ಮರುದಿನವೇ ಹೋಗಿ ಹೇಳಬಹುದಿತ್ತು. ನೀವು ಇನ್ನೂ ನಾಲ್ಕು ದಿನ ಬರುತ್ತಿದ್ದಿರಿ. ಬಸ್‌ಸ್ಟಾಪಿನಲ್ಲಿ ಎದುರೇ ಸಿಕ್ಕಿದಿರಿ. ತಲೆ ತಗ್ಗಿಸಬೇಕಾದವನು ಮೀಸೆ ತಿರುವಿದೆ. ಇಂಥವನನ್ನು ಏನೆಂದು ಕರೆಯುವುದೋ — ಅದಕ್ಕೆ ಅಲಂಕಾರ ಬೇಡ.

ಬಡತನವನ್ನೋ ಶಾಲೆ ಬಿಟ್ಟದ್ದನ್ನೋ ಇದರ ಮೇಲೆ ಹೊದೆಸುವುದಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ, ಆದರೆ ಗೊತ್ತಿಲ್ಲದೆಯೇ ತೀರ್ಪು ಕೊಟ್ಟು ನಿಮ್ಮ ಅನ್ನ ಕಿತ್ತೆ. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡೆ.

ಈಗ ಕಿರಿಯವಳು ಅದೇ ಶಾಲೆಯಲ್ಲಿದ್ದಾಳೆ. ಶುಕ್ರವಾರ ಸಭೆ ಉಂಟು. ಅಂದು ಚಪ್ಪಾಳೆ ತಟ್ಟಿದವರಲ್ಲಿ ಕೆಲವರಾದರೂ ಬಂದೇ ಬರುತ್ತಾರೆ. ಈ ಕಾಗದವನ್ನು ಮೊದಲು ಅವರೆದುರು ಓದುತ್ತೇನೆ, ಆಮೇಲೆ ಪೋಸ್ಟಿಗೆ ಹಾಕುತ್ತೇನೆ. ನೀವು ಉತ್ತರ ಬರೆಯಬೇಕಾಗಿಲ್ಲ.