ಆಟದೊಳಗೆ ಸಿಕ್ಕಿಕೊಂಡ ವಿಳಕ್ಕಮ್ಮ

ಜಲಜಾ ಅರ್ಧ ಆಯುಷ್ಯವನ್ನು ವಿಮಾ ಕಚೇರಿಯಲ್ಲಿ ಕಳೆದವಳು. ತಮಿಳು ಸೀಮೆಯ ಬಂದರು ನಗರದ ಪ್ಯಾರೀಸ್ ಕಾರ್ನರ್‌ನ ಹಳೆಯ ಕಟ್ಟಡದ ಮಹಡಿಯಲ್ಲಿದ್ದ ಅವಳ ಮೇಜಿಗೆ ದಿನಾ ಬಂದು ಬೀಳುತ್ತಿದ್ದದ್ದು ಬೇರೆಯವರ ಅನಾಹುತಗಳು: ಬೆಂಕಿ ಬಿದ್ದ ಗೋದಾಮು, ಉಪ್ಪುನೀರು ನುಗ್ಗಿದ ಸರಕು, ಮಗುಚಿದ ದೋಣಿ. ಅದರಿಂದಲೋ ಏನೋ, ಯಾವುದು ಎಲ್ಲಿ ಹೇಗೆ ಕೆಡಬಹುದು ಎಂಬುದು ಅವಳಿಗೆ ಎಲ್ಲರಿಗಿಂತ ಮೊದಲು ಹೊಳೆಯುತ್ತಿತ್ತು. ಕುಕ್ಕರಿನ ಸೀಟಿ ತಡವಾದರೆ ಒಲೆ ಆರಿಸಲು ಓಡುತ್ತಿದ್ದಳು. ಗಂಡ ಸಂಜೀವ ತರಕಾರಿಗೆಂದು ಹೋದವನು ಫೋನ್ ಎತ್ತದಿದ್ದರೆ ಮನೆ ಹತ್ತಿರದ ಕ್ರೋಂಪೇಟೆಯ ರೈಲು ಹಳಿಗಳೇ ಕಣ್ಣ ಮುಂದೆ ಬರುತ್ತಿದ್ದವು.

"ಲೋಕದಲ್ಲಿ ಆಗದೇ ಇರೋ ಕಷ್ಟಾನೆಲ್ಲ ನೀನೊಬ್ಬಳೇ ಅನುಭವಿಸಿ ಮುಗಿಸ್ತೀಯ ಕಣೇ," ಎಂದು ಅವನು ನಗುತ್ತಿದ್ದ.

ಹಾಗಿದ್ದವಳಿಗೆ ವಿಳಕ್ಕಮ್ಮನ ವಿಷಯದಲ್ಲಿ ಮಾತ್ರ ಯಾವ ಸುಳಿವೂ ಹತ್ತಲಿಲ್ಲ.

ಕೆಲಸದಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿದ್ದ ಅವಳನ್ನು ಆಟದ ಲೋಕಕ್ಕೆ ಎಳೆದು ತಂದವನು ಅಜಿತ್, ಕಚೇರಿಯ ಹಳೆಯ ಗೆಳತಿಯ ಮಗ. ಬೆಸೆಂಟ್ ನಗರದಲ್ಲಿ ಕಡಲಿಗೆ ಎರಡು ಬೀದಿ ಹಿಂದೆ, ಟಿಫಿನ್ ಅಂಗಡಿಯೊಂದರ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದು ನಾಲ್ಕಾರು ಜನರೊಂದಿಗೆ ಅವನು ವಿಡಿಯೋ ಗೇಮ್ ಕಟ್ಟುತ್ತಿದ್ದ. ಆಟದ ಹೆಸರು 'ಅಲೈವಾಯಿಲ್', ಅಂದರೆ ಅಲೆಯ ಬಾಗಿಲು. ಮಾಯಾಲೋಕದ ಆಟವೇ, ಆದರೆ ಅಲ್ಲಿನ ಒಂದೊಂದು ಊರೂ ಈ ಕರಾವಳಿಯದೇ ಆಗಿರಬೇಕು ಎಂಬುದು ಅವನ ಹಟ.

"ಆಂಟಿ, ಎಲ್ಲರ ಥರ ಮಂಜುಬೆಟ್ಟ, ಬೆಂಕಿ ಉಗುಳೋ ಡ್ರ್ಯಾಗನ್ ನಂಗೆ ಬೇಡ, ವೇಂಡಾಂ. ನಮ್ಮ ಬೀಚ್‌ನಲ್ಲಿ ನಿಂತು ಕೇಳಿದ್ರೆ ಸಿಗೋ ಕಥೆ ಬೇಕು. ಅಮ್ಮ ಹೇಳ್ತಿರ್ತಾಳೆ, ನಿಮ್ಮ ಹತ್ರ ಅದೆಲ್ಲ ಇದೆ ಅಂತ," ಎಂದ.

ಇತ್ತು. ಬಿಡುವಿದ್ದ ಭಾನುವಾರಗಳಲ್ಲೆಲ್ಲ ಜಲಜಾ ಕರಾವಳಿ ಸುತ್ತಿ ಇಂಥ ಕಥೆಗಳನ್ನೇ ಕೂಡಿಟ್ಟಿದ್ದಳು. ಮಾಮಲ್ಲಪುರದಲ್ಲಿ ಏಳು ಗುಡಿಗಳಿದ್ದವಂತೆ, ಅವುಗಳ ಚೆಲುವಿಗೆ ದೇವತೆಗಳೇ ಹೊಟ್ಟೆಕಿಚ್ಚುಪಟ್ಟು ಆರನ್ನು ಕಡಲಿಗೆ ತಳ್ಳಿದರಂತೆ ಎಂಬ ಐತಿಹ್ಯವನ್ನು ಹೇಳಿದಳು. ಸುನಾಮಿಯ ದಿನ ನೀರು ಹಿಂದೆ ಸರಿದಾಗ ಅದೇ ಕಡಲಿನಲ್ಲಿ ಸಾಲಾಗಿ ಕಲ್ಲುಗಳು ಕಂಡದ್ದನ್ನೂ ಹೇಳಿದಳು. ಇಂದ್ರನ ಹಬ್ಬ ಮರೆತ ಅರಸನಿಂದಾಗಿ ಪೂಂಪುಹಾರ್ ಪಟ್ಟಣವನ್ನು ಸಮುದ್ರ ನುಂಗಿದ ಕಥೆ ಹೇಳಿದಳು. ಪಳವೇರ್ಕಾಡಿಗೆ ಎಲ್ಲರನ್ನೂ ಕರೆದುಕೊಂಡು ಹೋಗಿ, ಡಚ್ಚರ ಸ್ಮಶಾನದ ಬಾಗಿಲಲ್ಲಿ ಕೆತ್ತಿದ ಕಲ್ಲಿನ ಅಸ್ಥಿಪಂಜರಗಳನ್ನು ತೋರಿಸಿದಳು. ಚಿತ್ರ ಬರೆಯುವ ತೃಷಾ ಆ ಅಸ್ಥಿಪಂಜರಗಳ ಮುಂದೆ ನೆಲದಲ್ಲೇ ಕೂತುಬಿಟ್ಟಳು. ತಿಂಗಳು ಕಳೆಯುವಷ್ಟರಲ್ಲಿ ಅವು ಆಟದೊಳಗೆ ಎದ್ದು ನಿಂತು, ಮುಳುಗಿದ ಪಟ್ಟಣದ ಬಾಗಿಲು ಕಾಯತೊಡಗಿದವು. ಪರದೆಯ ಮೇಲೆ ಅದನ್ನು ನೋಡಿದಾಗ ಜಲಜಾಗೆ ಮೈ ಜುಮ್ಮೆಂದಿತ್ತು.

ಕೊನೆಗೆ ಹೇಳಿದ್ದು ವಿಳಕ್ಕಮ್ಮನ ಕಥೆ.

ಅದು ಯಾವ ಗ್ರಂಥದಲ್ಲೂ ಇರುವುದಲ್ಲ. ಸುನಾಮಿಯ ಮರುವರ್ಷ ದೋಣಿ ವಿಮೆಯ ಕೆಲಸಕ್ಕೆಂದು ಪುನ್ನೈಕುಪ್ಪಂ ಎಂಬ ಬೆಸ್ತರ ಹಳ್ಳಿಗೆ ಹೋದಾಗ, ಮೀನು ಮಾರುವ ಅಂಜಲೈ ಎಂಬಾಕೆ ಹೇಳಿದ್ದು. ಹಿಂದೆಂದೋ ಆ ಊರಿನ ಗಂಡಸರೆಲ್ಲ ಕಡಲಿಗೆ ಹೋಗಿದ್ದಾಗ ಬಿರುಗಾಳಿ ಎದ್ದಿತಂತೆ. ಒಬ್ಬ ಹೆಂಗಸು ದೀಪ ಹಿಡಿದು ಮರಳದಿಬ್ಬದ ಮೇಲೆ ನಿಂತಳಂತೆ. ಅಲೆ ದಿಬ್ಬವನ್ನು ಕೊರೆಯುತ್ತಾ ಬಂದರೂ ಅಲುಗಲಿಲ್ಲ. ಆ ಬೆಳಕು ನೋಡಿಕೊಂಡು ದೋಣಿಗಳೆಲ್ಲ ದಡ ಸೇರಿದವು. ಬಂದು ನೋಡಿದರೆ ದಿಬ್ಬವೂ ಇರಲಿಲ್ಲ, ಅವಳೂ ಇರಲಿಲ್ಲ. ಅಂದಿನಿಂದ ಅವಳು ವಿಳಕ್ಕಮ್ಮ, ದೀಪದ ತಾಯಿ. ದಡದ ಮೇಲೊಂದು ಕಲ್ಲು, ಕಲ್ಲಿನಲ್ಲೊಂದು ಗೂಡು, ಗೂಡಿನಲ್ಲಿ ದೀಪ. ದೋಣಿ ನೀರಿನಲ್ಲಿರುವಷ್ಟು ಹೊತ್ತೂ ಅದು ಆರುವಂತಿಲ್ಲ.

ಅಂಜಲೈ ಮತ್ತು ಜಲಜಾರ ಸ್ನೇಹ ಅಂದಿನಿಂದ ನಡೆದು ಬಂದದ್ದು. ಕಥೆ ಆಟಕ್ಕೆ ಬೇಕೆಂದಾಗ ಜಲಜಾ ಫೋನ್ ಮಾಡಿ ಕೇಳಿದ್ದಳು. "ನಮ್ಮಮ್ಮನ ಹೆಸರು ನಾಲ್ಕು ಜನಕ್ಕೆ ಗೊತ್ತಾಗ್ಲಿ, ಹಾಕ್ಕೋ ಅಕ್ಕಾ," ಎಂದಿದ್ದಳು ಅಂಜಲೈ. ಕೊಟ್ಟವಳ ಹೆಸರು, ಊರಿನ ಹೆಸರು ಪರದೆಯ ಮೇಲೆ ಬರಲೇಬೇಕೆಂದು ಅಜಿತನ ಹತ್ತಿರ ಪಟ್ಟು ಹಿಡಿದವಳು ಜಲಜಾಳೇ.

ಆಟ ಶುಕ್ರವಾರ ಬಿಡುಗಡೆ. ಅದಕ್ಕೂ ಮೊದಲಿನ ವಾರ ಜಲಜಾ ಜ್ವರ ಬಂದು ಮಲಗಿದ್ದಳು. ಎದ್ದು ಕೂತ ಮಂಗಳವಾರ ಬೆಳಿಗ್ಗೆ ಸಂಜೀವ ಫೋನ್ ಹಿಡಿದುಕೊಂಡು ಬಂದ.

"ನಿಮ್ಮ ಆಟದ ವಿಡಿಯೋ ಕಣೇ. ಶನಿವಾರಾನೇ ಬಿಟ್ಟಿದಾರೆ, ಲಕ್ಷಗಟ್ಟಲೆ ಜನ ನೋಡಿದಾರೆ."

ಜಲಜಾ ನೋಡಿದಳು. ಕಪ್ಪು ಕಡಲು. ದಿಬ್ಬದ ಮೇಲೆ ಕೆದರಿದ ಕೂದಲಿನ ಹೆಂಗಸು, ಕೈಯಲ್ಲಿ ದೀಪ. ಆ ಬೆಳಕಿಗೆ ಮರುಳಾಗಿ ಬಂದ ಹಡಗುಗಳು ಬಂಡೆಗೆ ಬಡಿದು ಚೂರಾಗುತ್ತಿದ್ದವು, ಅವಳು ಕೋರೆಹಲ್ಲು ಬಿಟ್ಟು ನಗುತ್ತಿದ್ದಳು. ಆಟದ ನಾಯಕ ಹಾರಿ ಬಂದು ದೀಪವನ್ನು ಕತ್ತಿಯಿಂದ ಹೊಡೆದು ಆರಿಸಿದ. 'ಅವಳ ದೀಪ ಆರಿಸಿ, ಅಲೆಯ ಬಾಗಿಲು ತೆರೆಯಿರಿ' ಎಂಬ ಅಕ್ಷರಗಳು ಮೂಡಿದವು. ಅದರ ಕೆಳಗೆ: 'ಪುನ್ನೈಕುಪ್ಪಂ ಅಂಜಲೈ ಹೇಳಿದ ಕಥೆ.'

ಜಲಜಾ ಫೋನನ್ನು ಅವನ ಕೈಗೆ ವಾಪಸು ಕೊಟ್ಟಳು. ತನ್ನ ಫೋನ್ ತೆಗೆದು ನೋಡಿದರೆ ಭಾನುವಾರದಿಂದ ಅಂಜಲೈಯ ಕರೆಗಳು ಬಂದು ಬಂದು ನಿಂತಿದ್ದವು. ಜ್ವರದಲ್ಲಿ ಒಂದನ್ನೂ ಎತ್ತಿರಲಿಲ್ಲ. ಈಗ ತಾನಾಗಿ ಮಾಡಲು ಬೆರಳು ಮುಂದೆ ಹೋಗಲಿಲ್ಲ.

"ರೀ, ಏನೋ ಆಗಿದೆ ಅಲ್ಲಿ."

"ಶುಮ್ಮಾ ಏನೇನೋ ಕಲ್ಪಿಸ್ಕೋಬೇಡ. ಆಟ ತಾನೆ? ಅವರೆಲ್ಲ ಇದನ್ನ ಯಾಕೆ ನೋಡ್ತಾರೆ?"

ಈ ಮಾತು ಅವಳು ಜನ್ಮವಿಡೀ ಕೇಳಿದ್ದು. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಆಗುತ್ತಿತ್ತು. ಹಾಗೆಂದು ಸಮಾಧಾನ ಹೇಳಿಕೊಳ್ಳುತ್ತಲೇ ಅವಳು ಗಿಂಡಿಯವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬೆಸೆಂಟ್ ನಗರಕ್ಕೆ ಹೋದಳು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಇಳಿದು ಓಡಿಬಿಡಬೇಕು ಅನ್ನಿಸುತ್ತಿತ್ತು.

ಆಫೀಸಿನಲ್ಲಿ ಹಬ್ಬದ ಗದ್ದಲ. ಅಜಿತ್ ಎದ್ದು ಬಂದು, "ಆಂಟಿ, ಪಾತ್ತೀಂಗಳಾ, ನೋಡಿದ್ರಾ? ವಿಳಕ್ಕಮ್ಮ ಹಿಟ್!" ಎಂದ.

"ಅಜಿತ್, ನಾನು ಕೊಟ್ಟ ಕಥೆ ಇದಲ್ಲಪ್ಪ. ಅವಳು ದೋಣಿ ಉಳಿಸಿದವಳು. ನೀನು ಮುಳುಗಿಸೋಳು ಮಾಡಿದೀಯ."

ತೃಷಾ ತಲೆ ತಗ್ಗಿಸಿದಳು. "ನಾನೇ ಆಂಟಿ. ಆ ಘಟ್ಟದಲ್ಲಿ ಆಡೋರಿಗೆ ಎದುರಾಳಿ ಬೇಕಿತ್ತು. ಬೇರೆ ದೇಶಗಳ ಕಥೆಯಲ್ಲಿ ಹಡಗಿಗೆ ದಾರಿ ತಪ್ಪಿಸೋ ಕಡಲ ಮೋಹಿನಿಯರಿದಾರಲ್ಲ, ಅದನ್ನೂ ಇದನ್ನೂ ಸೇರಿಸಿದೆ. ನೀವು ಜ್ವರದಲ್ಲಿದ್ರಿ, ಕೇಳೋಕಾಗ್ಲಿಲ್ಲ."

"ಹೆಸರು ತೆಗೆದುಬಿಡೋಣ," ಎಂದ ಅಜಿತ್. "ಊರಿನ ಹೆಸರು, ಅವರ ಹೆಸರು ಎರಡೂ. ಅಪ್ಪುರಂ, ಆಮೇಲೆ, ಯಾರಿಗೂ ಗೊತ್ತಾಗಲ್ಲ. ಆಟ ಬದಲಾಯಿಸೋಕೆ ಟೈಮಿಲ್ಲ ಆಂಟಿ."

ಜಲಜಾ ಉತ್ತರ ಕೊಡುವ ಮೊದಲೇ ಅವಳ ಕೈಯಲ್ಲಿದ್ದ ಫೋನ್ ನಡುಗಿತು. ಅಂಜಲೈ. ಈ ಸಲ ಎತ್ತಿದಳು.

"ಅಕ್ಕಾ," ಎಂದಳು ಅಂಜಲೈ. ಯಾವಾಗಲೂ ಕಡಲಿನ ಸದ್ದನ್ನೂ ಮೀರಿ ಕೂಗುವ ಆ ಗಂಟಲು ಇಂದು ಪಿಸುಗುಟ್ಟುತ್ತಿತ್ತು. "ಒಂದ್ಸಲ ಬಾ ಅಕ್ಕಾ. ಇಲ್ಲಿ ನನ್ನ ಹತ್ರ ಯಾರೂ ಮಾತಾಡ್ತಿಲ್ಲ."

ಮಾರನೆಯ ದಿನ ಜಲಜಾ ಹೊರಟಾಗ ತೃಷಾ ತಾನೂ ಬರುತ್ತೇನೆಂದಳು. ಇಬ್ಬರೂ ಕರಾವಳಿ ರಸ್ತೆಯ ಬಸ್ಸು ಹಿಡಿದರು. ಬಸ್ಸಿಳಿದು ಗಾಳಿಮರಗಳ ತೋಪು ದಾಟುತ್ತಿದ್ದಂತೆ ಜಲಜಾಳ ಕಣ್ಣಿಗೆ ಮೊದಲು ಬಿದ್ದದ್ದು ದೋಣಿಗಳು. ಬೆಳಗಿನ ಹೊತ್ತು, ಕಡಲು ಶಾಂತ, ಆದರೂ ಒಂದೂ ನೀರಿಗಿಳಿದಿರಲಿಲ್ಲ. ಎಲ್ಲವೂ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದವು.

ಅಂಜಲೈ ಮನೆಯ ಹೊರಗೇ ಕಾಯುತ್ತಿದ್ದಳು. ನಡೆದದ್ದನ್ನು ಅವಳ ಬಾಯಿಂದಲೇ ಕೇಳಿದರು. ವಿಡಿಯೋದಲ್ಲಿ ಊರಿನ ಹೆಸರು ಕಂಡು ಭಾನುವಾರ ಪಟ್ಟಣದಿಂದ ಬೈಕುಗಳಲ್ಲಿ ಒಂದು ಗುಂಪು ಬಂದಿತ್ತು. ವಿಳಕ್ಕಮ್ಮನ ಕಲ್ಲಿನ ಮುಂದೆ ನಿಂತು ವಿಡಿಯೋ ತೆಗೆದುಕೊಂಡರು. ಅವರಲ್ಲೊಬ್ಬ ಆಟದ ನಾಯಕನಂತೆ ಕೈ ಬೀಸಿ ಬಂದು ದೀಪವನ್ನು ಊದಿ ಆರಿಸಿದ. ಆ ಹೊತ್ತಿಗೆ ಊರಿನ ದೋಣಿಗಳು ನೀರಿನಲ್ಲಿದ್ದವು. ಗಾಳಿ ಬೀಸಿತೋ, ಯಂತ್ರ ಕೆಟ್ಟಿತೋ, ಒಂದು ದೋಣಿ ಅಳಿವೆಯ ಹತ್ತಿರ ಮಗುಚಿತು. ಜನ ಉಳಿದರು; ಒಬ್ಬನ ಕೈ ಮುರಿಯಿತು. ಅಂದಿನಿಂದ ಯಾರೂ ಕಡಲಿಗೆ ಹೋಗಿಲ್ಲ.

"ಅಮ್ಮನ್ನ ಪಟ್ಟಣದೋರಿಗೆ ಮಾರ್ಕೊಂಡಳು ಅಂತಾರೆ ನನ್ನ," ಎಂದಳು ಅಂಜಲೈ. "ನಿನ್ನ ಮೇಲೆ ನಂಗೆ ಕೋಪ ಇಲ್ಲ ಅನ್ನಲ್ಲ ಅಕ್ಕಾ. ಇದೆ. ಆದ್ರೆ ನೀನೇ ಬಂದು ಹೇಳದಿದ್ರೆ ನನ್ನ ಮಾತು ನಡೆಯಲ್ಲ."

ಜಲಜಾ ಜೀವಮಾನದಲ್ಲಿ ಊಹಿಸಿಕೊಂಡ ಅನಾಹುತಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಯಾವುದರಲ್ಲೂ ತಾನೇ ಕಾರಣಳಾಗಿರಲಿಲ್ಲ. ಮೀನು ಹರಾಜು ಹಾಕುವ ಚಪ್ಪರದಡಿ ಊರಿನವರು ಸೇರಿದ್ದರು. ಜಲಜಾ ತೃಷಾಳೊಂದಿಗೆ ಅಲ್ಲಿಗೆ ನಡೆದಳು. ಕೈಗೆ ಪಟ್ಟಿ ಕಟ್ಟಿದ್ದ ಆಳು ಎದುರಿಗೇ ಕೂತಿದ್ದ. ಅವನನ್ನು ನೋಡಿ ಅವಳು ಸಿದ್ಧಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಅಂಜಲೈ ಮಾರಲಿಲ್ಲ," ಎಂದು ತಮಿಳಿನಲ್ಲಿ ಶುರುಮಾಡಿದಳು. "ನಾನು ಕೇಳಿದೆ, ಅವಳು ನಂಬಿ ಕೊಟ್ಟಳು. ಅವಳು ಹೇಳಿದ ಕಥೆ ಒಂದು, ನಾವು ತೋರಿಸಿದ್ದು ಇನ್ನೊಂದು. ಅವಳ ಹೆಸರು ಹಾಕಿ ಅಂತ ಹಟ ಮಾಡಿದ್ದೂ ನಾನೇ. ಬೈಯೋದಿದ್ರೆ ನನ್ನ ಬೈಯಿರಿ."

ಬೈದರು. ಒಬ್ಬಾಕೆ ಎದ್ದು ನಿಂತು, ತನ್ನ ಮಗ ಆ ದೋಣಿಯಲ್ಲಿದ್ದನೆಂದು ಕೂಗಾಡಿದಳು. ಜಲಜಾ ತಲೆ ಎತ್ತದೆ ಕೇಳಿಸಿಕೊಂಡಳು. ಗದ್ದಲ ಸ್ವಲ್ಪ ಇಳಿದ ಮೇಲೆ ಊರ ಹಿರಿಯ ಮಾತಾಡಿದ.

"ಅಮ್ಮನಿಗೆ ಕೋರೆಹಲ್ಲು ಇಟ್ಟಿದ್ದಕ್ಕೆ ನಮಗೇನಿಲ್ಲ. ನಮ್ಮ ಅಮ್ಮಂದಿರಿಗೆಲ್ಲ ಹಲ್ಲೂ ಇದೆ, ಕೋಪವೂ ಇದೆ. ದೀಪ ಆರಿಸಿದ್ದು ತಪ್ಪು. ಅದನ್ನ ತೆಗೀರಿ. ನಮ್ಮ ಊರಿನ ಹೆಸರೂ ತೆಗೀರಿ. ಇನ್ನು ಯಾರೂ ಇಲ್ಲಿ ಹುಡುಕ್ಕೊಂಡು ಬರಬಾರದು."

"ತೆಗೀತೀವಿ," ಎಂದಳು ತೃಷಾ, ಜಲಜಾಗಿಂತ ಮೊದಲು. ಅವಳ ಕಣ್ಣು ತುಂಬಿತ್ತು. "ನಾನು ಬರೆದದ್ದು, ನಾನೇ ತೆಗೀತೀನಿ."

ಮಾತು ಕೊಟ್ಟಾಗಿತ್ತು, ಅಜಿತ್ ಒಪ್ಪಿರಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ಜಲಜಾಗೆ ಅದೇ ಚಿಂತೆ. ಅವನು ಆಗುವುದಿಲ್ಲ ಎಂದರೆ ಆ ಚಪ್ಪರಕ್ಕೆ ಯಾವ ಮುಖ ಹೊತ್ತು ಹೋಗುವುದು?

ಅವನು ಮೊದಲು ಆಗುವುದಿಲ್ಲವೆಂದೇ ಹೇಳಿದ. ನಡುವಿನ ಘಟ್ಟವೇ ಕಿತ್ತುಹೋದರೆ ಜನ ಉಗಿಯುತ್ತಾರೆ, ಎಲ್ಲರೂ ಕಾಯುತ್ತಿರುವುದೇ ವಿಳಕ್ಕಮ್ಮನಿಗೆ ಎಂದ. ಜಲಜಾ ವಾದಿಸಲಿಲ್ಲ. ಮುರಿದ ಕೈಯ ಕಥೆಯನ್ನು, ನೀರಿಗಿಳಿಯದ ದೋಣಿಗಳ ಕಥೆಯನ್ನು ಹೇಳಿದಳು.

"ನೋಡಪ್ಪ, ನಿಮ್ಮಮ್ಮ ದಿನಾ ಸಂಜೆ ದೇವರ ಮುಂದೆ ದೀಪ ಹಚ್ತಾಳೆ. ಹೊರಗಿಂದ ಯಾರೋ ಬಂದು ಅದನ್ನ ಊದಿ ಆರಿಸಿ, ವಿಡಿಯೋ ತೆಗೆದು ನಕ್ಕರೆ?"

ಅಜಿತ್ ಆ ವಿಡಿಯೋ ಹಾಕಿ, ದೀಪ ಆರುವವರೆಗೆ ನೋಡಿದ. ಆಮೇಲೆ ತೃಷಾಳ ಕಡೆ ತಿರುಗಿ, "ಆ ಘಟ್ಟಕ್ಕೆ ಬೀಗ ಹಾಕು. ಮಿಕ್ಕಿದ್ದು ಮಾತ್ರ ಶುಕ್ರವಾರ ಬಿಡೋಣ. ವಿಡಿಯೋನೂ ಇಳಿಸು," ಎಂದ. "ಜನಂಗ ತಿಟ್ಟುವಾಂಗ, ತಿಟ್ಟಟ್ಟುಂ," ಎಂದು ಗೊಣಗಿದ. ಜನ ಬೈಯುತ್ತಾರೆ, ಬೈಯಲಿ ಎಂದು.

ಅಂದು ಸಂಜೆಯೇ ಜಲಜಾ ಅಂಜಲೈಗೆ ಸುದ್ದಿ ಮುಟ್ಟಿಸಿದಳು. ವಿಳಕ್ಕಮ್ಮನಿಗೆ ಅಭಿಷೇಕ ಮಾಡಿಸಿ ಶುಕ್ರವಾರ ಬೆಳಕು ಹರಿಯುವ ಮುಂಚೆ ದೋಣಿ ಇಳಿಸುವುದೆಂದು ಊರಿನವರು ತೀರ್ಮಾನಿಸಿದರು. ಅಷ್ಟು ಕೇಳಿದರೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಅವರು ಇಳಿಯುತ್ತಿರುವುದು ತನ್ನ ಮಾತಿನ ಮೇಲೆ. ಇನ್ನೊಂದು ದೋಣಿ ಮಗುಚಿದರೆ?

ಶುಕ್ರವಾರ ಆಟ ಬಿಡುಗಡೆಯಾಯಿತು. ಜಲಜಾ ಆಫೀಸಿಗೆ ಹೋಗಲಿಲ್ಲ. ಎದ್ದಾಗಿನಿಂದ ಟಿವಿಯಲ್ಲಿ ಹವಾಮಾನ ನೋಡಿದಳು, ಬಾಲ್ಕನಿಗೆ ಹೋಗಿ ಗಾಳಿ ನೋಡಿದಳು, ಒಳಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಾಮೂಲಿಯಾಗಿ ನಗುವ ಸಂಜೀವ ಅಂದು ನಗಲಿಲ್ಲ. ಆ ಸಾರನ್ನೇ ಅನ್ನಕ್ಕೆ ಕಲಸಿಕೊಂಡು ಸುಮ್ಮನೆ ಉಂಡ, ಆಮೇಲೆ ಅವಳ ಪಕ್ಕದಲ್ಲಿ ಫೋನ್ ನೋಡುತ್ತಾ ಕೂತ. ಮಧ್ಯಾಹ್ನ ಇಳಿದರೂ ಕರೆ ಬರಲಿಲ್ಲ. "ನಾನೇ ಮಾಡ್ಲಾ?" ಎಂದು ಅವನೇ ಕೇಳಿದ. ಬೇಡವೆಂದು ಅವನ ಕೈ ಹಿಡಿದಳು.

ಬಿಸಿಲು ಬಾಲ್ಕನಿ ಬಿಟ್ಟು ಹೋದ ಮೇಲೆ ಫೋನ್ ಬಂತು.

"ಬಂದ್ರು ಅಕ್ಕಾ, ಎಲ್ಲ ಬಂದ್ರು," ಎಂದು ಅಂಜಲೈ ಕಿರುಚಿದಳು. ಹಿಂದೆ ಹರಾಜಿನ ಕೂಗು ಕೇಳುತ್ತಿತ್ತು. "ಮೀನು ಸುಮಾರು. ಬರೀ ಸಣ್ಣವು. ನಾನು ಮಾರ್ಬೇಕು, ಇಡ್ತೀನಿ."

ಜಲಜಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಅಜಿತ್ ಹೆದರಿದಂತೆ ಬೀಗ ಹಾಕಿದ ಘಟ್ಟಕ್ಕಾಗಿ ಜನ ಬೈದರು. ಕೆಲವರು ಹಣ ವಾಪಸು ಕೇಳಿದರು. ಮಳೆಗಾಲದ ಹೊತ್ತಿಗೆ ತೃಷಾ ಅದನ್ನು ಹೊಸದಾಗಿ ಕಟ್ಟಿದಳು. ಈಗ ಆಡುವವನೇ ದಿಬ್ಬದ ಮೇಲೆ ವಿಳಕ್ಕಮ್ಮನ ಪಕ್ಕದಲ್ಲಿ ನಿಂತು, ಎಲ್ಲ ದೋಣಿಗಳೂ ದಡ ಸೇರುವವರೆಗೆ ದೀಪವನ್ನು ಗಾಳಿಯಿಂದ ಕಾಯಬೇಕು. ಊರಿನ ಹೆಸರಿಲ್ಲ, ಅಂಜಲೈಯ ಹೆಸರೂ ಇಲ್ಲ. ಜಲಜಾ ಅದನ್ನು ತೋರಿಸಲು ಪುನ್ನೈಕುಪ್ಪಕ್ಕೆ ಹೋದಾಗ ಹಿರಿಯ ಪೂರ್ತಿ ನೋಡಿ ತಲೆಯಾಡಿಸಿದ. ಮಗನಿಗಾಗಿ ಕೂಗಾಡಿದ್ದ ಹೆಂಗಸು ಮಾತ್ರ ಮುಖ ತಿರುಗಿಸಿಕೊಂಡೇ ಹೋದಳು. ಅಂಜಲೈ ಅರ್ಧ ನೋಡಿ, ಮೀನಿನ ಬುಟ್ಟಿ ಎತ್ತಿಕೊಂಡಳು.

"ನಮ್ಮಮ್ಮ ಇಷ್ಟು ತೆಳ್ಳಗಿರಲಿಲ್ಲ," ಎಂದಳು. "ಗಾಳಿಗೆ ಎದುರು ನಿಂತೋಳು, ದಪ್ಪ ಇರ್ಬೇಕು ಅಕ್ಕಾ."