ಸ್ಕ್ರೂ ಹಲ್ಲಿಗೆ ಚಮಚದ ಗಂಜಿ

ಜಯಮ್ಮನ ಸ್ಕ್ರೂ ಹಲ್ಲು ಇವತ್ತು ಕೈಕೊಟ್ಟಿತು ಕಣ್ರಮ್ಮ. ಜಯಮ್ಮ ಅಂದರೆ ನನ್ನ ವಾರಗಿತ್ತಿ. ಬೆಂಗಳೂರಿಗೆ ಹೋಗಿ ದವಡೆಯ ಮೂಳೆಗೇ ಸ್ಕ್ರೂ ಹಾಕಿಸಿ ಹಲ್ಲು ಕೂರಿಸಿಕೊಂಡು ಬಂದವಳು. ಆಂಜನೇಯನ ಗುಡಿಯಲ್ಲಿ ಪ್ರಸಾದದ ತೆಂಗಿನಕಾಯಿಯನ್ನು ನನ್ನೆದುರೇ ಕಟಕಟ ಕಡಿಯುತ್ತಿದ್ದಳು. ನನ್ನ ಹಲ್ಲುಸೆಟ್ಟು ಜಾರುತ್ತದೆ, ನಾನು ನನ್ನ ಪಾಲನ್ನು ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದೆ.

ಇವತ್ತು ನೋಡಲು ಹೋದರೆ ಅವಳ ಕೆನ್ನೆ ಬನ್ನಿನ ಹಾಗೆ ಊದಿತ್ತು. "ಕೀವು ತುಂಬ್ಕೊಂಡೈತಕ್ಕಾ, ಸ್ಕ್ರೂ ಬಿಚ್ಚಬೇಕಂತೆ," ಎಂದು ಅತ್ತಳು. ಅಯ್ಯೋ ಪಾಪ ಎನ್ನುವಷ್ಟರಲ್ಲಿ ನನ್ನ ಮೈದುನ ಗಂಜಿ ಆರಿಸಿಕೊಂಡು ಬಂದು, "ಇನ್ನೊಂದೇ ಚಮಚ, ಬಾಯ್ ತೆಗಿ ಜಯಾ," ಎಂದು ಕುಡಿಸತೊಡಗಿದ.

ನನ್ನ ಹೊಟ್ಟೆ ಉರಿದುಹೋಯಿತು. ಚಿಂತಾಮಣಿಯಲ್ಲಿ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡ ದಿನ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ನಾನು ಮನೆಮಂದಿಗೆಲ್ಲ ಮುದ್ದೆ ಕಟ್ಟಿ ಬಡಿಸಿದ್ದೆ.

ಮನೆಗೆ ಬಂದವಳೇ ನಮ್ಮ ಯಜಮಾನರ ಪಕ್ಕ ಕೆನ್ನೆ ಹಿಡಿದುಕೊಂಡು ಕೂತು, "ನಂಗೂ ಯಾಕೋ ದವಡೆ ನೋಯ್ತೈತೆ ಕಣ್ರೀ," ಎಂದೆ.

ಪೇಪರಿನಿಂದ ತಲೆ ಎತ್ತಲಿಲ್ಲ. "ಸೆಟ್ ತೆಗ್ದು ಲೋಟಕ್ಕೆ ಹಾಕು," ಎಂದರು.

ಹಾಕಿದೆ. ಗಂಜಿಯನ್ನೂ ನಾನೇ ಕಾಸಿಕೊಂಡು ಕುಡಿದೆ. ಚಮಚವನ್ನು ಮಾತ್ರ ಅವರ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದೇನೆ.