ಗೇಣಿಗೊಂದು ಸಸಿ

ಗಂಗಾವತಿಯ ಅಕ್ಕಿ ವ್ಯಾಪಾರಿಗಳು ಒಂದು ಸ್ಮರಣ ಸಂಚಿಕೆ ತರುತ್ತಿದ್ದರು. ಊರಿನ ಇತಿಹಾಸ, ಆರ್ಥಿಕತೆ ಎರಡನ್ನೂ ನಾಲ್ಕು ಪುಟದಲ್ಲಿ ಮುಗಿಸಿಕೊಡಿ ಎಂದು ನನಗೆ ಹೇಳಿದರು. ‘ಹಿರಿಯಾರು ಮಣ್ಣಾಗ ಬಂಗಾರ ಬೆಳದ್ರು ಅಂತ ಶುರು ಮಾಡ್ರಿ’ ಎಂದು ಒಬ್ಬರು ಸೂಚನೆಯನ್ನೂ ಕೊಟ್ಟರು. ನಾನು ಈ ಊರಲ್ಲಿ ಬಂಗಾರ ಕಂಡದ್ದು ಕಡಿಮೆ. ಕಂಡದ್ದು ಮಿಲ್ಲಿನ ಚಿಮಣಿಯಿಂದ ಉದುರುವ ಹೊಟ್ಟಿನ ಬೂದಿ. ಒಣಹಾಕಿದ ಬಿಳಿ ಅಂಗಿಗೆ ಊರಿನ ಆರ್ಥಿಕತೆ ಅಂಟಿಕೊಳ್ಳುವುದು ಹಾಗೆ.

ಕಾಲುವೆ ಬಂತು, ಭತ್ತ ಬಂತು, ಮಿಲ್ಲುಗಳು ಬಂದವು. ನಾಟಿಯ ದಿನಗಳಲ್ಲಿ ಯಲಬುರ್ಗಾ ಬಸ್ಸಿನ ತುಂಬ ಹೆಣ್ಣಾಳುಗಳು ಬಂದರು. ಹೀಗೆ ಬರೆದರೆ ಎಲ್ಲರಿಗೂ ಎಲ್ಲ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ನಮ್ಮ ಮನೆಯವರಿಗೆ ಏನೂ ಗೊತ್ತಿರಲಿಲ್ಲ. ದೊಡ್ಡಪ್ಪ, ದೊಡ್ಡವ್ವ ಯಲಬುರ್ಗಾ ಕಡೆಯ ಎರೆಹೊಲ ಬಿಟ್ಟು ಇಲ್ಲಿ ಕಾಲುವೆಯ ಕೆಳಗೆ ಗದ್ದೆ ಮಾಡಿದವರು. ಮೊದಲ ವರ್ಷ ಭತ್ತದ ಸಸಿಮಡಿ ತಲೆಗೂದಲಿನಷ್ಟು ದಟ್ಟವಾಗಿ ಎದ್ದಿತು. ಅದು ಹಾಗೆಯೇ ಇರಬೇಕು. ಅಲ್ಲಿಂದ ಕಿತ್ತೇ ಇಡೀ ಗದ್ದೆಗೆ ನೆಡುವುದು. ಜೋಳ ಬೆಳೆದವರ ಕಣ್ಣಿಗೆ ಮಾತ್ರ ಅದು ಒತ್ತಾಗಿ ಬಿದ್ದ ಬಿತ್ತನೆಯಂತೆ ಕಂಡಿತು. ಹೆಚ್ಚಿನ ಸಸಿಯನ್ನೆಲ್ಲ ಕಿತ್ತು ಎಮ್ಮೆಗೆ ಹಾಕಿದರು. ನಾಟಿಯ ಆಳುಗಳು ಬಂದು ನಿಂತಾಗ ಮಡಿಯಲ್ಲಿ ಉಳಿದಿದ್ದದ್ದು ಒಂದು ಬುಟ್ಟಿಯಷ್ಟು.

ಕಿತ್ತವಳು ದೊಡ್ಡವ್ವ. ಅಂದಿನಿಂದ ನಮ್ಮವ್ವ ತನ್ನ ಈ ನೆಗೆಣ್ಣಿಯನ್ನು ಛೇಡಿಸುವುದು ಬಿಟ್ಟಿಲ್ಲ. ಮದುವೆ ಮನೆಯಲ್ಲಿ ದೊಡ್ಡವ್ವ ಕೊತ್ತಂಬರಿ ಹಿಡಿದು ಕುಳಿತರೆ ಸಾಕು, ‘ಅಕ್ಕಾ, ನಮಗೂ ನಾಕು ಕಡ್ಡಿ ಉಳಸು’ ಅನ್ನುತ್ತಾಳೆ. ಸುತ್ತಲಿನವರು ನಗುತ್ತಾರೆ.

ನಾನು ಇತಿಹಾಸ ಬರೆಯುತ್ತಿದ್ದೇನೆಂದು ಗೊತ್ತಾಗಿ ದೊಡ್ಡವ್ವ ಮನೆಗೆ ಕರೆಸಿದಳು.

‘ನಾ ಕಿತ್ತೀನಿ, ಖರೆ. ಕೀಳು ಅಂದಾಂವ ಯಾರು, ಅದನ್ನ ಬರಿ.’

ಮಂಚದ ಮೇಲಿದ್ದ ದೊಡ್ಡಪ್ಪ ಪೇಪರ್ ಇಳಿಸಲಿಲ್ಲ. ‘ನಾ ಎಲ್ಲಿದ್ದೆ ಆವಾಗ? ಎತ್ತು ತರಾಕ ಊರಿಗೆ ಹೋಗಿದ್ದೆ.’

‘ಎತ್ತು ತಂದಿದ್ದು ಮುಂದಿನ ವರ್ಷರಿ. ಅದೂ ಕುಂಟೆತ್ತು.’

ದೊಡ್ಡಪ್ಪ ಬದುವಿನ ಮೇಲೆ ನಿಂತು ಕೈ ಬೀಸುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಧೋತರಕ್ಕೆ ಕೆಂಪು ಅಂಚು. ತೊಂದರೆಯೆಂದರೆ ಆಗ ನಾನಿನ್ನೂ ಹುಟ್ಟಿರಲಿಲ್ಲ. ಕೇಳಿ ಕೇಳಿ ಕಟ್ಟಿಕೊಂಡ ಚಿತ್ರ ಅದು. ಕೆಂಪು ಅಂಚು ಎಲ್ಲಿಂದ ಬಂತೋ. ಇಂಥ ಸಾಕ್ಷಿಯನ್ನು ಸಂಚಿಕೆಯವರು ಒಪ್ಪಿಯಾರು, ಅವರ ಉಳಿದ ಪುಟಗಳೂ ಇದೇ ಜಾತಿಯವು. ದೊಡ್ಡವ್ವನಿಗೆ ಇಷ್ಟು ಸಾಲದು.

ಬೇರೆ ದಾರಿ ಹಿಡಿದೆ. ‘ದೊಡ್ಡಪ್ಪ, ಓದೋರಿಗೆ ತಿಳೀಬೇಕು. ಜ್ವಾಳದಾಗ ಹೆಚ್ಚಿನ ಸಸಿ ತೆಗಿಯೂದು ಹೆಂಗ?’

ದೊಡ್ಡಪ್ಪ ಪೇಪರ್ ಮಡಚಿಟ್ಟ. ಹೆಬ್ಬೆರಳು, ಕಿರುಬೆರಳು ಅಗಲಿಸಿ ಚಾದರದ ಮೇಲೆ ಅಳೆದು ತೋರಿಸಿದ. ‘ಗೇಣಿಗೊಂದು ಬಿಡಬೇಕು. ಇಕಿಗೂ ಅದನ್ನ ಹೇಳಿದ್ದೆ, ನಿನ್ನ ಗೇಣು ಸಣ್ಣದು, ನನ್ನ ಗೇಣಿನ ಲೆಕ್ಕಕ್ಕ ಕೀಳು ಅಂತ...’

ಬೆರಳು ಚಾದರದ ಮೇಲೆ ಹಾಗೇ ನಿಂತವು.

‘ಬರಕೊಂಡ್ಯೇನು?’ ಅಂದಳು ದೊಡ್ಡವ್ವ.

‘ಬರಕೊಂಡೆ.’

‘ಆತು ಬಿಡು, ನಾನ ಅಂದಿದ್ದೆ’ ಎಂದ ದೊಡ್ಡಪ್ಪ. ‘ಆದರ ಆ ವರ್ಷ ಎಮ್ಮಿ ಭಾಳ ಛಲೋ ಹಾಲು ಕೊಡ್ತು. ಅದನ್ನೂ ಬರಿ.’

ದೊಡ್ಡವ್ವ ನಗಲಿಲ್ಲ. ಗೇಣಿನ ಆ ಸಾಲನ್ನು ನನ್ನಿಂದ ಓದಿಸಿದಳು, ಮತ್ತೊಮ್ಮೆ ಓದಿಸಿದಳು. ಆಮೇಲೆ ಒಲೆಯ ಮೇಲಿನ ಚಹಾ ಇಳಿಸಿ, ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

‘ಚಾ?’ ಎಂದ ದೊಡ್ಡಪ್ಪ.

‘ಸೋಸ್ಕೊಂಡು ಕುಡೀರಿ.’ ನನ್ನ ಕಡೆ ತಿರುಗಿದಳು. ‘ಏಳು, ನಿಮ್ಮವ್ವನ ಮುಂದ ಓದೂವಂತಿ.’